ಮೊಟ್ಟೆ ಎಣಿಸಿದರೆ ಸಾಲದು

ತೀರ್ಥಹಳ್ಳಿ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಅಡುಗೆಮನೆಯಿಂದ ಒಂದು ಗೊಣಗಾಟ ಕೇಳುವುದು ಗ್ಯಾರಂಟಿ: 'ಹೆಸರುಕಾಳಿಗೆ ಕುಟ್ಟೆ ಹಿಡಿದಿದೆ.' ಈ ಸಲ ಡಬ್ಬಿಯನ್ನು ಜಗಲಿಗೆ ತಂದು ಮೊರಕ್ಕೆ ಸುರಿದೆ. ಹೇಗೋ ನಾಲ್ಕು ರಾಜ್ಮಾ ಕಾಳೂ ಅದರಲ್ಲಿ ಸೇರಿಕೊಂಡಿದ್ದವು. ಹೆಸರುಕಾಳಿನ ತುಂಬ ದುಂಡನೆಯ ತೂತು. ರಾಜ್ಮಾದ ಮೇಲೂ ಬಿಳಿ ಚುಕ್ಕೆಗಳಿದ್ದವು, ತೂತು ಮಾತ್ರ ಒಂದೂ ಇಲ್ಲ.

ಆ ಚುಕ್ಕೆಗಳೇ ಕುಟ್ಟೆ ಹುಳದ ಮೊಟ್ಟೆ. ಇಟ್ಟಾಗ ಗಾಜಿನ ಹನಿಯಂತೆ ಇರುತ್ತವೆ. ಮರಿ ಹೊರಗೆ ತಲೆ ಹಾಕುವುದೇ ಇಲ್ಲ; ಮೊಟ್ಟೆಯ ತಳದಿಂದಲೇ ಕಾಳಿನೊಳಕ್ಕೆ ಕೊರೆದು ಇಳಿಯುತ್ತ, ಕೊರೆದ ಪುಡಿಯನ್ನು ಹಿಂದಿನ ಚಿಪ್ಪಿಗೆ ತುಂಬುತ್ತದೆ. ಆಗಲೇ ಚುಕ್ಕೆ ಬೆಳ್ಳಗಾಗುವುದು. ಬಿಳುಪು ಕಂಡಿತೆಂದರೆ ಕಳ್ಳ ಒಳಗೆ ಹೊಕ್ಕಾಗಿದೆ. ಒಳಗೇ ತಿಂದು ಬೆಳೆದು, ದುಂಬಿಯಾಗಿ ತೂತು ಮಾಡಿಕೊಂಡು ಹೊರಬರುತ್ತದೆ. ಡಬ್ಬಿಯಲ್ಲಿ ದುಂಬಿ ಏನನ್ನೂ ತಿನ್ನಬೇಕಾಗಿಲ್ಲ, ಹತ್ತು ಹನ್ನೆರಡು ದಿನದ ಆಯಸ್ಸನ್ನು ಮೊಟ್ಟೆ ಇಡುವುದರಲ್ಲೇ ಕಳೆಯುತ್ತದೆ. ಡಬ್ಬಿ ಮುಚ್ಚಿದ್ದರೂ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಎಷ್ಟೋ ಸಲ ಹೊಲದಲ್ಲಿ, ಬಲಿತ ಕಾಯಿಯ ಮೇಲೆಯೇ ಮೊಟ್ಟೆ ಬಿದ್ದಿರುತ್ತದೆ.

ಯಾವ ತಳಿ ಈ ಹುಳಕ್ಕೆ ಜಗ್ಗುವುದಿಲ್ಲ ಎಂದು ಪರೀಕ್ಷಿಸುವ ಕ್ರಮ ಸರಳ. ಪ್ರತಿ ತಳಿಯ ಒಂದಿಷ್ಟು ಕಾಳನ್ನು ಎಣಿಸಿ, ತೂಗಿ, ಬೇರೆ ಬೇರೆ ಡಬ್ಬಿಗೆ ಹಾಕಿ, ಕೆಲವು ಜೋಡಿ ದುಂಬಿ ಬಿಟ್ಟು, ತೆಳು ಬಟ್ಟೆ ಕಟ್ಟುತ್ತಾರೆ. ಕೆಲವು ದಿನದ ಮೇಲೆ ದುಂಬಿಗಳನ್ನು ತೆಗೆದು ಮೊಟ್ಟೆ ಎಣಿಸುತ್ತಾರೆ. ಮೋಸ ಹೋಗುವುದು ಇಲ್ಲೇ. ಈ ಹೆಣ್ಣು ದುಂಬಿಗೆ ದುಂಡಗೆ ನುಣುಪಾಗಿ ಇದ್ದರೆ ಸಾಕು, ಗಾಜಿನ ಮಣಿಯ ಮೇಲೂ ಮೊಟ್ಟೆ ಇಡುತ್ತದೆ! ಹಾಗಾಗಿ ಎಷ್ಟು ಮೊಟ್ಟೆಗೆ ಎಷ್ಟು ದುಂಬಿ ಹೊರಬಂತು, ಎಷ್ಟು ದಿನ ಹಿಡಿಯಿತು, ಕಾಳಿನ ತೂಕ ಎಷ್ಟು ಇಳಿಯಿತು ಎಂಬ ಲೆಕ್ಕವೇ ಮುಖ್ಯ.

ನನಗೆ ಇವುಗಳಲ್ಲಿ ದಿನದ ಲೆಕ್ಕವೇ ರುಚಿಕರ. ಒಂದು ತಳಿಯಲ್ಲಿ ಹುಳ 25 ದಿನಕ್ಕೆ, ಇನ್ನೊಂದರಲ್ಲಿ 35 ದಿನಕ್ಕೆ ಹೊರಬರುತ್ತದೆ ಎನ್ನೋಣ. ನಾಲ್ಕು ತಿಂಗಳ ಮಳೆಗಾಲದಲ್ಲಿ ಮೊದಲಿನದರಲ್ಲಿ 4 ತಲೆಮಾರು, ಎರಡನೆಯದರಲ್ಲಿ 3. ತಾಯಿಗೆ 20 ಹೆಣ್ಣುಮರಿ ಉಳಿದರೂ ಅಲ್ಲಿ 1,60,000, ಇಲ್ಲಿ 8,000. ಕಾಳು ಅಷ್ಟರೊಳಗೆ ಮುಗಿದೇ ಹೋಗಿರುತ್ತದೆ, ಆ ಮಾತು ಬೇರೆ.

ಮಡಗಾಸ್ಕರ್‌ನಿಂದ ಬಂದ 'ಟಿಸಿ 1966' ಎಂಬ ಕಾಡು ಹೆಸರುಕಾಳಿನಲ್ಲಿ ಈ ಹುಳ ಬೆಳೆಯಲಾರದು. ಆ ಗುಣವನ್ನು ಊರ ಹೆಸರುಕಾಳಿಗೆ ತರಲು ತಳಿಗಾರರು ಅದನ್ನು ಬಳಸಿಕೊಂಡಿದ್ದಾರೆ. ಹುಳಕ್ಕೆ ಒಗ್ಗದ್ದು ನಮ್ಮ ಹೊಟ್ಟೆಗೆ ಒಗ್ಗುತ್ತದೆಯೇ ಎಂದೂ ನೋಡಬೇಕಲ್ಲ, ಅದು ಮತ್ತೊಂದು ಪರೀಕ್ಷೆ.

ರಾಜ್ಮಾದ ಗುಟ್ಟು ಅದರ ಪಿಷ್ಟದ ಬೀಗದಲ್ಲಿದೆ. ಹುಳದ ಹೊಟ್ಟೆಯಲ್ಲಿ ಪಿಷ್ಟ ಕರಗಿಸುವ ಕಿಣ್ವವನ್ನು ರಾಜ್ಮಾದಲ್ಲಿರುವ ಒಂದು ಪ್ರೋಟೀನು ತಡೆಹಿಡಿಯುತ್ತದೆ. ತಿನ್ನಲು ರಾಶಿ ಇದ್ದರೂ ಮರಿ ಹಸಿದು ಸಾಯುತ್ತದೆ. ನಾವು ಬೇಯಿಸಿ ತಿನ್ನುವುದರಿಂದ ಬಚಾವು. ಹೆಸರುಕಾಳನ್ನು ಕೋಳಿಗೆ ಚೆಲ್ಲಿ, ಆ ನಾಲ್ಕು ರಾಜ್ಮಾವನ್ನು ತೊಳೆದು ಒಳಗಿಟ್ಟೆ.