ಹಿಟ್ಟಿನ ಡಬ್ಬದ ಸುತ್ತ ಕಟ್ಟಿದ ಬೀರು

ಹಳೆಯ ಮರದ ಸಾಮಾನುಗಳನ್ನು ದುರಸ್ತಿ ಮಾಡುವ ನನ್ನ ಕಾರ್ಯಾಗಾರಕ್ಕೆ ಅಮೆರಿಕದ ಇಂಡಿಯಾನಾ, ಓಹಾಯೊ ಕಡೆಯ ಮನೆಗಳಿಂದ ಪದೇ ಪದೇ ಬರುವ ವಸ್ತುವೆಂದರೆ ‘ಹೂಜಿಯರ್’ ಎಂದು ಕರೆಯಲಾಗುವ ಅಡುಗೆಮನೆಯ ಬೀರು. ಗೋಡೆಯ ಆಸರೆಯಿಲ್ಲದೆ ತನ್ನ ಕಾಲಿನ ಮೇಲೆ ತಾನೇ ನಿಲ್ಲುವ, ಸುಮಾರು ಆರಡಿ ಎತ್ತರದ, 40 ಇಂಚಿನ ಆಸುಪಾಸು ಅಗಲದ ಈ ಬೀರನ್ನು ತಂದವರು ಮೊದಲು ಕೇಳುವುದು ಬಣ್ಣದ ಬಗ್ಗೆ. ನಾನು ಮೊದಲು ನೋಡುವುದು ಮೇಲಿನ ಬಾಗಿಲ ಹಿಂದೆ ಹಿಟ್ಟಿನ ಡಬ್ಬ ಉಳಿದಿದೆಯೇ ಎಂಬುದನ್ನು. ಡಬ್ಬ ಉಳಿದಿದ್ದರೆ ಬೀರು ಯಾಕೆ ಹುಟ್ಟಿತು ಎಂಬುದಕ್ಕೆ ಸಾಕ್ಷಿ ಉಳಿದಂತೆ. ಅದನ್ನು ಕಿತ್ತು ಬಿಸಾಡಿದ್ದರೆ ನಮ್ಮ ಕೈಯಲ್ಲಿರುವುದು ಬಾಗಿಲುಗಳಿರುವ ಒಂದು ಮರದ ಪೆಟ್ಟಿಗೆ ಮಾತ್ರ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಸಾಮಾನ್ಯ ಅಡುಗೆಮನೆಯಲ್ಲಿ ಗೋಡೆಗೆ ಜೋಡಿಸಿದ ಕಪಾಟುಗಳು ಬಹಳ ಕಡಿಮೆ. ಒಲೆ, ಒಂದು ಮೇಜು, ಪಕ್ಕದಲ್ಲಿ ಉಗ್ರಾಣದಂಥ ಕಿರುಕೋಣೆ, ಉಳಿದದ್ದಕ್ಕೆಲ್ಲ ಬಿಡಿ ಬಿಡಿ ಮರದ ಸಾಮಾನು. ನಲ್ಲಿಯಿಲ್ಲದ ಮನೆಯಲ್ಲಿ ನೀರಿನ ಬೋಗುಣಿ ಇಟ್ಟು ಪಾತ್ರೆ ತೊಳೆಯಲು ತಗ್ಗಾದ ಮರದ ಕಟ್ಟೆಯೊಂದು ಇರುತ್ತಿತ್ತು. ಬೇಯಿಸಿದ ಪದಾರ್ಥಗಳನ್ನು ಇಡುವ ಬೀರಿನ ಬಾಗಿಲುಗಳಿಗೆ ತವರ ಬಳಿದ ತಗಡನ್ನು ಹೊಡೆದು, ಅದರಲ್ಲಿ ಮೊಳೆಯಿಂದ ನಕ್ಷತ್ರದ ಅಥವಾ ಹೂವಿನ ಆಕಾರದಲ್ಲಿ ತೂತುಗಳನ್ನು ಮಾಡುತ್ತಿದ್ದರು. ಗಾಳಿ ಆಡಬೇಕು, ನೊಣ ನುಸುಳಬಾರದು ಎಂಬುದು ಅದರ ಉದ್ದೇಶ. ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟು ಇರುವೆ ತಡೆಯುತ್ತಿದ್ದ ನಮ್ಮ ಅಜ್ಜಿಯರ ಜಾಲರಿ ಬೀರನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ರೊಟ್ಟಿ ಮಾಡುವ ಮೇಜು ಇನ್ನೊಂದು ಬಗೆಯದು: ಅದರ ಹಲಗೆಯ ಕೆಳಗೆ ಹೊಟ್ಟೆಯಂತೆ ದುಂಡಗೆ ಬಾಗಿದ ಎರಡು ದೊಡ್ಡ ಖಾನೆಗಳು, ಅವುಗಳಲ್ಲಿ ಹಿಟ್ಟು ಮತ್ತು ಸಕ್ಕರೆ.

ಇವೆಲ್ಲವನ್ನೂ ಒಂದೇ ಚೌಕಟ್ಟಿನೊಳಗೆ ತರುವ ಯೋಚನೆ ಕಾರ್ಖಾನೆಗಳಿಗಿಂತ ಹಳೆಯದು. ಕ್ಯಾಥರಿನ್ ಬೀಚರ್ ಅವರು ತಮ್ಮ ತಂಗಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಜೊತೆಗೂಡಿ 1869ರಲ್ಲಿ ಪ್ರಕಟಿಸಿದ ಗೃಹನಿರ್ವಹಣೆಯ ಪುಸ್ತಕದಲ್ಲಿ, ಉಗಿಹಡಗಿನ ಇಕ್ಕಟ್ಟಾದ ಅಡುಗೆ ಕೋಣೆಯಲ್ಲಿ ಇನ್ನೂರು ಜನರಿಗೆ ಅಡುಗೆಯಾಗುವುದನ್ನು ತೋರಿಸಿ, ಮನೆಯ ಹೆಂಗಸು ಮಾತ್ರ ಯಾಕೆ ಒಂದೊಂದು ಪದಾರ್ಥಕ್ಕೂ ಕೋಣೆಯ ಉದ್ದಗಲ ಓಡಾಡಬೇಕು ಎಂದು ವಾದಿಸಿದ್ದರು. ಹಿಟ್ಟಿನ ಪೆಟ್ಟಿಗೆಯ ಪಕ್ಕದಲ್ಲೇ ನಾದುವ ಹಲಗೆ ಇರಬೇಕೆಂಬುದು ಅವರ ನಕ್ಷೆಯಲ್ಲಿಯೇ ಇತ್ತು.

ಅದನ್ನು ಲಕ್ಷಾಂತರ ಮನೆಗಳಿಗೆ ಮುಟ್ಟಿಸಿದ್ದು ಇಂಡಿಯಾನಾದ ಬಡಗಿ ಕಾರ್ಖಾನೆಗಳು. ಆ ರಾಜ್ಯದವರನ್ನು ಕರೆಯುವ ಅಡ್ಡಹೆಸರೇ ‘ಹೂಜಿಯರ್’. ಶತಮಾನದ ಕೊನೆಗೆ ಆಲ್ಬನಿ ಎಂಬ ಊರಿನಲ್ಲಿ ಶುರುವಾದ ಹೂಜಿಯರ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ, ಅಲ್ಲಿನ ಕಟ್ಟಡ ಬೆಂಕಿಗೆ ಆಹುತಿಯಾದ ಮೇಲೆ 1900ರಲ್ಲಿ ನ್ಯೂ ಕ್ಯಾಸಲ್‌ಗೆ ಬಂದು ನೆಲೆಯೂರಿತು. 1920ರ ಹೊತ್ತಿಗೆ ಅದು ಮಾರಿದ ಬೀರುಗಳ ಸಂಖ್ಯೆ 20 ಲಕ್ಷ ದಾಟಿತ್ತು. ಎಲ್‌ವುಡ್‌ನ ಸೆಲ್ಲರ್ಸ್, ಫ್ರಾಂಕ್‌ಫೋರ್ಟ್‌ನ ಮೆಕ್‌ಡೂಗಲ್, ನ್ಯಾಪನಿಯ ಕಾಪ್ಸ್ ಇವೆಲ್ಲ ಅದೇ ರಾಜ್ಯದ ಪ್ರತಿಸ್ಪರ್ಧಿಗಳು. ಇವುಗಳಿಗೆ ಬೇಕಾದ ಗಾಜಿನ ಭರಣಿಗಳು ಹಾರ್ಟ್‌ಫರ್ಡ್ ಸಿಟಿಯ ಸ್ನೀತ್ ಗ್ಲಾಸ್ ಕಂಪನಿಯಿಂದಲೂ, ಪಿಂಗಾಣಿ ಲೇಪದ ಉಕ್ಕಿನ ಹಲಗೆಗಳು ಫ್ರಾಂಕ್‌ಫೋರ್ಟ್‌ನ ಇಂಗ್ರಾಮ್-ರಿಚರ್ಡ್‌ಸನ್ ಕಾರ್ಖಾನೆಯಿಂದಲೂ ಬರುತ್ತಿದ್ದವು. ಗಿರಾಕಿ ‘ಸೆಲ್ಲರ್ಸ್’ ಬೀರನ್ನು ತಂದು ‘ಹೂಜಿಯರ್’ ಎಂದರೆ ನಾನು ತಿದ್ದುವುದಿಲ್ಲ. ಕಂಪನಿಯ ಹೆಸರೇ ಆ ಜಾತಿಯ ಬೀರುಗಳಿಗೆಲ್ಲ ಹೆಸರಾಗಿ ನಿಂತುಬಿಟ್ಟಿದೆ.

ಇದು ಸಾಮಾನು ತುಂಬಿಡುವ ಕಪಾಟು ಎಂದುಕೊಳ್ಳುವುದು ದೊಡ್ಡ ತಪ್ಪು. ಇದರ ಮುಂದೆ ನಿಂತರೆ ತಿಳಿಯುತ್ತದೆ: ಇದು ಕೆಲಸ ಮಾಡುವ ಜಾಗ. ಮೇಲಿನ ಒಂದು ಬದಿಯಲ್ಲಿ ಸುಮಾರು 50 ಪೌಂಡ್, ಅಂದರೆ 22–23 ಕಿಲೋ ಹಿಟ್ಟು ಹಿಡಿಯುವ ತಗಡಿನ ಡಬ್ಬ. ಅದರ ತಳ ಆಲಿಕೆಯಂತೆ ಕಿರಿದಾಗುತ್ತ ಬಂದು ಜರಡಿಯಲ್ಲಿ ಮುಗಿಯುತ್ತದೆ. ಹಿಡಿಕೆ ತಿರುಗಿಸಿದರೆ ಜರಡಿ ಹಿಡಿದ ಹಿಟ್ಟು ಕೆಳಗಿಟ್ಟ ಪಾತ್ರೆಗೆ ನೇರವಾಗಿ ಉದುರುತ್ತದೆ. ಕೆಲವು ಡಬ್ಬಗಳ ಮುಂಭಾಗದಲ್ಲಿ ಹಿಟ್ಟು ಎಷ್ಟಿದೆಯೆಂದು ನೋಡಲು ಗಾಜಿನ ಸಣ್ಣ ಕಿಂಡಿಯೂ ಉಂಟು. ಪಕ್ಕದಲ್ಲಿ ಸಕ್ಕರೆಯ ಭರಣಿ, ಬಾಗಿಲ ಒಳಮೈಯಲ್ಲಿ ಸಾಂಬಾರ ಪದಾರ್ಥಗಳ ಸಣ್ಣ ಭರಣಿಗಳಿಗೆ ತಂತಿಯ ಅಟ್ಟಣೆ. ನಡುವಿನ ಪಿಂಗಾಣಿ ಲೇಪದ ಹಲಗೆಯನ್ನು ಮುಂದಕ್ಕೆ ಎಳೆದರೆ ನಾದಲು, ಲಟ್ಟಿಸಲು ಜಾಗ ದೊಡ್ಡದಾಗುತ್ತದೆ. ಕೆಳಗಿನ ಆಳವಾದ ಖಾನೆಗೆ ತಗಡಿನ ಒಳಪದರ ಮತ್ತು ಜಾರುವ ಮುಚ್ಚಳ. ಅದು ರೊಟ್ಟಿಯ ಜಾಗ. ಹಿಟ್ಟು ತೆಗೆಯುವುದರಿಂದ ರೊಟ್ಟಿ ಎತ್ತಿಡುವವರೆಗೆ, ಒಲೆಯ ಮುಂದಿನ ಹೊತ್ತನ್ನು ಬಿಟ್ಟರೆ, ನಿಂತ ಜಾಗದಿಂದ ಹೆಚ್ಚು ಕದಲಬೇಕಿರಲಿಲ್ಲ.

ಕಾರ್ಖಾನೆಗಳಲ್ಲಿ ಕೆಲಸಗಾರನ ಒಂದೊಂದು ಚಲನೆಯನ್ನೂ ಅಳೆಯುತ್ತಿದ್ದ ಕಾಲವದು. ಕ್ರಿಸ್ಟೀನ್ ಫ್ರೆಡರಿಕ್ ಆ ಅಳತೆಗೋಲನ್ನು ಅಡುಗೆಮನೆಗೆ ತಂದು 1912ರಲ್ಲಿ ‘ಲೇಡೀಸ್ ಹೋಮ್ ಜರ್ನಲ್’ನಲ್ಲಿ ಲೇಖನಮಾಲೆ ಬರೆದರು, ಮುಂದೆ ಹೂಜಿಯರ್ ಕಂಪನಿಗಾಗಿ ಒಂದು ಪುಸ್ತಿಕೆಯನ್ನೂ ಬರೆದುಕೊಟ್ಟರು. ಬೀರು ಹೆಜ್ಜೆಗಳನ್ನು ಉಳಿಸುತ್ತದೆ ಎಂಬುದೇ ಜಾಹೀರಾತುಗಳ ಪಲ್ಲವಿಯಾಯಿತು. ಮುಂಗಡ ಒಂದು ಡಾಲರ್, ವಾರಕ್ಕೊಂದು ಡಾಲರ್ ಎಂಬ ಕಂತಿನ ವ್ಯವಸ್ಥೆ ಅದನ್ನು ಕೂಲಿ ಕುಟುಂಬಗಳ ಕೈಗೂ ಎಟುಕಿಸಿತು. ಬೀರನ್ನು ಹಿಂದಿಕ್ಕಿದ್ದೂ ಇದೇ ವಿಚಾರ ಎಂಬುದು ನನಗೆ ಈ ಇತಿಹಾಸದ ಅತ್ಯಂತ ಮುಖ್ಯ ಸಂಗತಿ. ಎಲ್ಲವೂ ಕೈಗೆಟುಕಬೇಕು ಎಂಬ ತತ್ವವನ್ನು ಒಂದು ಬೀರಿಗೆ ಬದಲಾಗಿ ಇಡೀ ಕೋಣೆಗೆ ಅನ್ವಯಿಸಿದರೆ ಗೋಡೆಯುದ್ದಕ್ಕೂ ಕಟ್ಟೆ, ಮೇಲೆ ಕೆಳಗೆ ಕಪಾಟು ಎಂದಾಗುತ್ತದೆ. ಫ್ರೆಡರಿಕ್ ಅವರ ಬರಹಗಳನ್ನು ಓದಿದ್ದ ವಾಸ್ತುಶಿಲ್ಪಿ ಮಾರ್ಗರೇಟೆ ಶ್ಯೂಟೆ-ಲಿಹೋಟ್ಸ್ಕಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮಾಡಿದ್ದು ಅದನ್ನೇ. ಅಮೆರಿಕದ ಹೊಸ ಮನೆಗಳೂ ಗೋಡೆಗೆ ಕೂಡಿಸಿದ ಕಪಾಟುಗಳೊಂದಿಗೇ ಮಾರಾಟಕ್ಕೆ ಬರತೊಡಗಿದವು. 1928ರಲ್ಲಿ ಮಿಸೌರಿಯ ಚಿಲಿಕಾತಿ ಊರಿನಲ್ಲಿ ಯಂತ್ರದಿಂದ ಹೋಳು ಮಾಡಿದ ಬ್ರೆಡ್ ಮಾರಾಟಕ್ಕೆ ಬಂತು. ಅಂಗಡಿಯಿಂದ ಬ್ರೆಡ್ ತರುವ ಮನೆಗೆ 22 ಕಿಲೋ ಹಿಟ್ಟು ಹಿಡಿಯುವ ಡಬ್ಬ ಯಾಕೆ? ಹೂಜಿಯರ್ ಕಂಪನಿ 1942ರಲ್ಲಿ ಕೊನೆಗೊಂಡಿತು.

ದುರಸ್ತಿಯ ವಿಷಯದಲ್ಲಿ ನಾನು ಹಟ ಹಿಡಿಯುವುದು ಎರಡು ಕಡೆ. ಓಕ್ ಮರದ ಬೀರನ್ನು ಯಾರೂ ಕಾಸ್ಟಿಕ್ ಸೋಡಾ ಕರಗಿಸಿದ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಬಣ್ಣ ತೆಗೆಸಬಾರದು. ಹಾಗೆ ಮಾಡಿಸಿಕೊಂಡು ಬಂದ ಬೀರೊಂದು ನನ್ನ ಮೇಜಿನ ಮೇಲಿತ್ತು: ಕೀಲುಗಳು ಸಡಿಲವಾಗಿ, ಮರ ಬೂದುಬಣ್ಣಕ್ಕೆ ತಿರುಗಿ, ಮೇಲಕ್ಕೆ ಸರಿಯುವ ಸುರುಳಿ ಬಾಗಿಲಿನ ಪಟ್ಟಿಗಳೆಲ್ಲ ಬಿಡಿಬಿಡಿಯಾಗಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಂದಿದ್ದವು. ಆ ಪಟ್ಟಿಗಳನ್ನು ಹಿಂಬದಿಯ ಕ್ಯಾನ್‌ವಾಸ್ ಬಟ್ಟೆಗೆ ಹಿಡಿದಿಟ್ಟಿದ್ದ, ತೊಗಲು ಬೇಯಿಸಿ ತೆಗೆದ ಅಂಟು ಬಿಸಿನೀರಿಗೇ ಕರಗುವಂಥದ್ದು. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ ನೋಡಬೇಕು. ಮೇಲ್ಮೈ ಅಂಟಂಟಾದರೆ ಅದು ಅರಗಿನ ಪಾಲಿಶ್, ಅದನ್ನು ತೆಗೆಯದೆಯೇ ಸರಿಪಡಿಸಬಹುದು. ಆ ಅರಗು ಆ ಕಾಲದಲ್ಲಿ ಬಹುಪಾಲು ಭಾರತದಿಂದಲೇ ಹಡಗೇರಿ ಹೋಗುತ್ತಿತ್ತು ಎಂಬುದನ್ನು ನಾನು ಪ್ರತಿ ಸಲವೂ ನೆನೆಯುತ್ತೇನೆ. ಇನ್ನು ಬಿಳಿ ಬಣ್ಣದ ಬೀರಾದರೆ ಉಜ್ಜುವ ಮೊದಲು ಸೀಸದ ಪರೀಕ್ಷೆ ಆಗಲೇಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಬಣ್ಣದ ಧೂಳು ಮಕ್ಕಳಿರುವ ಮನೆಯಲ್ಲಿ ಹಾರಬಾರದು.

ಕಳೆದ ವರ್ಷ ಇಂಡಿಯಾನಾಪೊಲಿಸ್‌ನ ಒಂದು ಕನ್ನಡ ಕುಟುಂಬ ಇಂಥ ಬೀರನ್ನು ಕೊಂಡು, ಡಬ್ಬದಲ್ಲಿ ರಾಗಿ ಹಿಟ್ಟು ತುಂಬಬಹುದೇ ಎಂದು ಕೇಳಿತು. ಹಳೆಯ ತಗಡಿನ ಬೆಸುಗೆಯಲ್ಲಿ ಸೀಸ ಇರುವುದು ಸಾಮಾನ್ಯವಾದ್ದರಿಂದ ಬೇಡವೆಂದೆ. ಜರಡಿಯ ತುಕ್ಕು ತೆಗೆದು, ಹಿಡಿಕೆಯ ಸವೆದ ತಿರುಪನ್ನು ಬದಲಿಸಿ ಕೊಟ್ಟೆ. ಈಗ ಕೆಳಗಿನ ಖಾನೆಯಲ್ಲಿ ಅವರ ಸ್ಟೀಲ್ ಡಬ್ಬಿಗಳಿವೆ, ಪಿಂಗಾಣಿ ಹಲಗೆಯ ಮೇಲೆ ಭಾನುವಾರದ ಚಪಾತಿ ಲಟ್ಟಿಸುತ್ತಾರೆ. ಮೇಲಿನ ಡಬ್ಬ ತನ್ನ ಜಾಗದಲ್ಲೇ ಖಾಲಿಯಾಗಿದೆ, ಹಿಡಿಕೆ ಸಲೀಸಾಗಿ ತಿರುಗುತ್ತದೆ.