ನಕ್ಷೆ ಎಳೆಯುವ ಮೊದಲೇ ಕೇಳಿ

“ಸಾರ್ವಜನಿಕರ ಅಭಿಪ್ರಾಯ ಆಹ್ವಾನಿಸಲಾಗಿದೆ” ಎಂಬ ಪ್ರಕಟಣೆ ಹೊರಡುವ ಹೊತ್ತಿಗೆ ಎಷ್ಟೋ ಯೋಜನೆಗಳಲ್ಲಿ ನಕ್ಷೆ ತಯಾರಾಗಿರುತ್ತದೆ, ಅಂದಾಜು ಪಟ್ಟಿಯೂ ಮುಗಿದಿರುತ್ತದೆ. ಇನ್ನು ಜನ ಬಂದು ಹೇಳುವುದಾದರೂ ಏನು? ಒಪ್ಪಬೇಕು, ಇಲ್ಲವೇ ಜಗಳ ಆಡಬೇಕು. ಜಗಳ ಆಡಿದರೆ ನಮ್ಮ ಕಡೆಯವರು, ಅಂದರೆ ಯೋಜಕರು, ಎಂಜಿನಿಯರುಗಳು, “ಜನ ಎಲ್ಲದಕ್ಕೂ ಅಡ್ಡಗಾಲು ಹಾಕ್ತಾರೆ” ಎನ್ನುತ್ತಾರೆ. ಇದು ಅನ್ಯಾಯದ ಮಾತು. ಅವರನ್ನು ಅಷ್ಟು ತಡವಾಗಿ ಕರೆದವರು ನಾವೇ ಅಲ್ವಾ?

ನಗರ ಯೋಜನೆ ನನ್ನ ವೃತ್ತಿ. ಜನರನ್ನು ಮೊದಲೇ ಕೇಳಬೇಕು ಎಂದು ನಾನು ಹಟ ಹಿಡಿಯುವುದು ಮರ್ಯಾದೆಗಾಗಿ ಅಲ್ಲ. ಅವರಿಗೆ ಗೊತ್ತಿರುವ ಎಷ್ಟೋ ಸಂಗತಿ ನಮ್ಮ ನಕ್ಷೆಯಲ್ಲಿ ಇರುವುದಿಲ್ಲ, ಅದಕ್ಕೆ.

ರಸ್ತೆ ದಾಟುವ ಸಿಗ್ನಲ್ಲನ್ನೇ ನೋಡಿ. ಪಾದಚಾರಿಗಳಿಗೆ ಎಷ್ಟು ಸೆಕೆಂಡ್ ಕೊಡಬೇಕು ಎಂದು ಲೆಕ್ಕ ಹಾಕುವಾಗ, ಒಬ್ಬರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಎಂದು ಹಿಡಿಯುವುದು ಬಹುಕಾಲದ ರೂಢಿ. 12 ಮೀಟರ್ ಅಗಲದ ರಸ್ತೆಗೆ 10 ಸೆಕೆಂಡ್. ಕಾಗದದ ಮೇಲೆ ಸರಿಯಾಗೇ ಇದೆ. ಆದರೆ ಮಂಡಿನೋವಿನ ಅಜ್ಜಿಯೊಬ್ಬರು ಸೆಕೆಂಡಿಗೆ 0.8 ಮೀಟರ್ ನಡೆದರೆ ಅವರಿಗೆ 15 ಸೆಕೆಂಡ್ ಬೇಕು. ಹತ್ತನೇ ಸೆಕೆಂಡಿನಲ್ಲಿ ಅವರು ದಾಟಿದ್ದು 8 ಮೀಟರ್. ಇನ್ನೂ 4 ಮೀಟರ್ ಬಾಕಿ ಇರುವಾಗಲೇ ವಾಹನಗಳು ಹೊರಡುತ್ತವೆ. ಅಂಥವರ ಜೊತೆ ಒಂದು ಸಲ ಆ ರಸ್ತೆ ದಾಟಬೇಕು. ಅವರು ಎಲ್ಲಿ ತಡೆದು ನಿಲ್ಲುತ್ತಾರೆ, ಆ ಕಡೆಯ ಫುಟ್‌ಪಾತ್ ಎತ್ತರವಿದ್ದರೆ ಏನನ್ನು ಹಿಡಿದು ಹತ್ತುತ್ತಾರೆ, ಎಲ್ಲವೂ ಆಗ ಕಾಣುತ್ತದೆ. ಮಾತಾಡಿಸಿದರೆ ಇನ್ನೊಂದು ವಿಷಯವೂ ತಿಳಿಯುತ್ತದೆ. ಅವರ ವಯಸ್ಸಿನ ಕೆಲವರು ಆ ದಾರಿಯನ್ನೇ ಬಿಟ್ಟಿರುತ್ತಾರೆ. ರಸ್ತೆ ಬದಿ ನಿಂತು ಜನರನ್ನು ಎಣಿಸುವ ಸರ್ವೆಯಲ್ಲಿ ಅವರು ಲೆಕ್ಕಕ್ಕೇ ಸಿಗುವುದಿಲ್ಲ.

ಹೀಗೆ ಬಾರದೇ ಉಳಿದವರನ್ನು ಹುಡುಕಿದ್ದಕ್ಕೆ ವಿಯೆನ್ನಾ ಒಳ್ಳೆಯ ಉದಾಹರಣೆ. ಸುಮಾರು 9 ವರ್ಷ ದಾಟಿದ ಹೆಣ್ಣುಮಕ್ಕಳು ಪಾರ್ಕಿಗೆ ಬರುವುದು ತೀರಾ ಕಡಿಮೆಯಾಗುತ್ತದೆ ಎಂದು 1990ರ ದಶಕದಲ್ಲಿ ಅಲ್ಲಿ ನಡೆದ ಅಧ್ಯಯನದಿಂದ ತಿಳಿಯಿತು. ಗಂಡುಮಕ್ಕಳು ಮಾತ್ರ ಬರುತ್ತಲೇ ಇದ್ದರು. ಒಂದೇ ದೊಡ್ಡ ಬಯಲಿದ್ದರೆ ಅದು ಹುಡುಗರ ಪಾಲಾಗುತ್ತಿತ್ತು, ಹುಡುಗಿಯರು ಪೈಪೋಟಿಗೆ ನಿಲ್ಲದೆ ದೂರವಾಗುತ್ತಿದ್ದರು. ನಗರಾಡಳಿತ ಎರಡು ಪಾರ್ಕುಗಳಲ್ಲಿ ಓಡಾಡುವ ದಾರಿ ಹೆಚ್ಚಿಸಿತು, ಬಯಲನ್ನು ಭಾಗ ಮಾಡಿತು, ವಾಲಿಬಾಲ್, ಬ್ಯಾಡ್ಮಿಂಟನ್‌ಗೆ ಜಾಗ ಕೊಟ್ಟಿತು. ಹುಡುಗಿಯರು ಮತ್ತೆ ಬರತೊಡಗಿದರು. ಪಾರ್ಕಿನಲ್ಲಿ ಇದ್ದವರನ್ನಷ್ಟೇ ಕೇಳಿದ್ದರೆ ಇದು ಹೊಳೆಯುತ್ತಿರಲಿಲ್ಲ.

ಸಭೆಯ ರೀತಿಯನ್ನೂ ಬದಲಿಸಬೇಕು. ಮುಂದೆ ವೇದಿಕೆ, ಕೈಗೊಂದು ಮೈಕು ಇದ್ದರೆ ಮಾತು ಬಲ್ಲವರು ನಾಲ್ಕೇ ಜನ ಇಡೀ ಹೊತ್ತು ತೆಗೆದುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಟೋನಿ ಗಿಬ್ಸನ್ 1970ರ ದಶಕದಲ್ಲಿ ‘ಪ್ಲಾನಿಂಗ್ ಫಾರ್ ರಿಯಲ್’ ಎಂಬ ಪದ್ಧತಿ ರೂಪಿಸಿದರು. ನನಗೆ ಅದು ತುಂಬಾ ಇಷ್ಟ. ನಿವಾಸಿಗಳೇ ರಟ್ಟಿನಲ್ಲಿ ತಮ್ಮ ಬಡಾವಣೆಯ ಮಾದರಿ ಮಾಡುತ್ತಾರೆ. ಅದನ್ನು ಜನ ಇರುವಲ್ಲಿಗೇ ಒಯ್ದು ಇಡುತ್ತಾರೆ. ಬೇಕಾದವರು ‘ಇಲ್ಲಿ ದೀಪ ಬೇಕು’, ‘ಇಲ್ಲಿ ಮಕ್ಕಳಿಗೆ ಆಡಲು ಜಾಗ ಬೇಕು’ ಎಂಬಂಥ ಚೀಟಿ ಇಟ್ಟು ಹೋಗಬಹುದು. ಯಾರು ಇಟ್ಟರು ಎಂದು ಯಾರೂ ಕೇಳುವುದಿಲ್ಲ, ಭಾಷಣ ಮಾಡಬೇಕಿಲ್ಲ. ತಜ್ಞರು ಪಕ್ಕದಲ್ಲಿ ನಿಂತಿರುತ್ತಾರೆ, ಕೇಳಿದರೆ ಮಾತ್ರ ಉತ್ತರಿಸುತ್ತಾರೆ. ಆಮೇಲೆ ಎಲ್ಲರೂ ಸೇರಿ ಚೀಟಿಗಳನ್ನು ಈಗಲೇ ಆಗಬೇಕಾದ್ದು, ಸ್ವಲ್ಪ ದಿನದಲ್ಲಿ ಆಗಬೇಕಾದ್ದು, ಮುಂದೆ ಆದರೂ ನಡೆಯುವುದು ಎಂದು ಜೋಡಿಸುತ್ತಾರೆ. ಒಂದೇ ಜಾಗದಲ್ಲಿ ಒಬ್ಬರ ಪಾರ್ಕಿಂಗ್ ಚೀಟಿ, ಇನ್ನೊಬ್ಬರ ಬೆಂಚಿನ ಚೀಟಿ ಬಿದ್ದಾಗ ಜಗಳ ಇರುತ್ತದೆ. ಆದರೆ ಅದು ಆ ಜಾಗದ ಬಗ್ಗೆ ಆಡುವ ಜಗಳ, ಮನುಷ್ಯರ ಮೇಲಿನ ಸಿಟ್ಟಲ್ಲ.

ಹಾಗಂತ ಜನ ಹೇಳಿದ್ದೆಲ್ಲಾ ಮಾಡಲಾಗುವುದಿಲ್ಲ. ಚರಂಡಿಯ ಇಳಿಜಾರು, ಅಗ್ನಿಶಾಮಕ ವಾಹನ ತಿರುಗುವಷ್ಟು ಜಾಗ, ಇವು ಮತ ಹಾಕಿ ತೀರ್ಮಾನಿಸುವ ವಿಷಯಗಳಲ್ಲ. ಯಾವುದು ಆಗಲೇ ನಿರ್ಧಾರವಾಗಿದೆ, ಯಾವುದು ಇನ್ನೂ ಚರ್ಚೆಗಿದೆ ಎಂಬುದನ್ನು ಮೊದಲ ದಿನವೇ ಬಿಡಿಸಿ ಹೇಳಿಬಿಡಬೇಕು. ಮಾತಲ್ಲಿ ಬಗೆಹರಿಯದಿದ್ದರೆ ತಾತ್ಕಾಲಿಕವಾಗಿ ಮಾಡಿ ನೋಡಬಹುದು. 2009ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಬ್ರಾಡ್‌ವೇ ರಸ್ತೆಯ ವಾಹನ ಸಂಚಾರ ನಿಲ್ಲಿಸಿ ಮಡಚುವ ಕುರ್ಚಿಗಳನ್ನು ಹಾಕಿದರು. ಜನ ಕೂತರು. ಅದನ್ನು ಕಾಯಂ ಮಾಡುವ ತೀರ್ಮಾನ ಮರುವರ್ಷ ಬಂತು.

ಅಮೆರಿಕದ ಷೆರಿ ಆರ್ನ್‌ಸ್ಟೈನ್ ಎಂಬವರು 1969ರಲ್ಲೇ ನಾಗರಿಕರ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲುಗಳ ಏಣಿಯಾಗಿ ವಿವರಿಸಿದ್ದರು. ಸುಮ್ನೆ ಅಭಿಪ್ರಾಯ ಕೇಳಿ ಕಳಿಸುವುದು ಅದರಲ್ಲಿ ನಾಲ್ಕನೇ ಮೆಟ್ಟಿಲು, ಅಧಿಕಾರ ಹಂಚಿಕೊಳ್ಳುವುದು ಶುರುವಾಗುವುದೇ ಆರರಿಂದ. ನಾಲ್ಕರಲ್ಲೇ ನಿಂತುಬಿಡುವುದಕ್ಕೆ ದೊಡ್ಡ ಕಾರಣ ಎಂದರೆ, ಕೇಳಿದ ಮೇಲೆ ಏನಾಯಿತು ಎಂದು ಹೇಳಲು ನಾವು ಜನರ ಬಳಿಗೆ ಮರಳಿ ಹೋಗುವುದಿಲ್ಲ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ 1989ರಲ್ಲಿ ಬಜೆಟ್ಟಿನ ಒಂದು ಪಾಲನ್ನು ಎಲ್ಲಿ ಖರ್ಚು ಮಾಡಬೇಕು ಎಂದು ಜನರಿಂದಲೇ ತೀರ್ಮಾನ ಮಾಡಿಸಲು ಶುರುಮಾಡಿತು. ಅಲ್ಲಿ ವರ್ಷದ ಮೊದಲ ಸುತ್ತಿನ ಸಭೆಗಳಲ್ಲಿ ಆಡಳಿತದವರು ಹಿಂದಿನ ವರ್ಷದ ಕೆಲಸಗಳ ಲೆಕ್ಕ ಒಪ್ಪಿಸಬೇಕಿತ್ತು. ಹೊಸ ಬೇಡಿಕೆಗಳ ಪಟ್ಟಿ ಆಮೇಲೆ.

ಅಷ್ಟು ದೊಡ್ಡ ವ್ಯವಸ್ಥೆ ಇಲ್ಲದಿದ್ದರೂ ಒಂದು ಪಟ್ಟಿಯನ್ನಂತೂ ಯಾರು ಬೇಕಾದರೂ ಮಾಡಬಹುದು. ಮೂರೇ ಕಾಲಂ: ಜನ ಏನು ಹೇಳಿದರು, ನಕ್ಷೆಯಲ್ಲಿ ಏನು ಬದಲಾಯಿತು, ಬದಲಾಗದಿದ್ದರೆ ಯಾಕೆ. ಟೆಂಡರ್ ಕರೆಯುವ ಮೊದಲೇ ಅದನ್ನು ಕೆಲಸ ನಡೆಯುವ ಜಾಗದಲ್ಲಿ, ಎಲ್ಲರಿಗೂ ಕಾಣುವಂತೆ ಹಾಕಬೇಕು. ಮೂರನೇ ಕಾಲಂ ತುಂಬುವುದು ಕಷ್ಟ. ಗಟ್ಟಿ ಕಾರಣ ಸಿಗದ ಕಡೆ ನಕ್ಷೆಯನ್ನು ಮತ್ತೆ ಮೇಜಿಗೆ ತರಬೇಕಾಗುತ್ತದೆ.