ಪದ ಪರಿಚಯ: ಅಭ್ಯರ್ಥಿಯ ಅಫಿಡವಿಟ್

ನಾಮಪತ್ರ ಸಲ್ಲಿಕೆಯ ಮಾರನೆಯ ದಿನ ಪತ್ರಿಕೆಗಳಲ್ಲಿ ‘ಇಂಥವರು ಇಷ್ಟು ಕೋಟಿಯ ಒಡೆಯ’ ಎಂಬ ಸುದ್ದಿ ಬರುತ್ತದೆ. ಆ ಸುದ್ದಿಯ ಮೂಲ ಅಫಿಡವಿಟ್. ಲ್ಯಾಟಿನ್ ಮೂಲದ ಈ ಪದಕ್ಕೆ ‘ಆಣೆ ಮಾಡಿ ಹೇಳಿದ್ದಾನೆ’ ಎಂಬ ಅರ್ಥವಿದೆ. ಕಚೇರಿಯ ಕನ್ನಡದಲ್ಲಿ ಪ್ರಮಾಣಪತ್ರ. ಲೋಕಸಭೆ, ವಿಧಾನಸಭೆ ಅಭ್ಯರ್ಥಿಗಳು ತಮ್ಮ ಆಸ್ತಿ, ಸಾಲ, ಆದಾಯ, ಕ್ರಿಮಿನಲ್ ಪ್ರಕರಣಗಳ ವಿವರವಿರುವ ಇದನ್ನು ‘ನಮೂನೆ 26’ರಲ್ಲಿ ನೋಟರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ನಾಮಪತ್ರದ ಜೊತೆ ಕೊಡಬೇಕು. ಸುಳ್ಳು ಹೇಳಿದರೆ ಅಥವಾ ಮುಚ್ಚಿಟ್ಟರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ.

ಈ ವಿವರ ತಿಳಿಯುವ ಹಕ್ಕು ಮತದಾರನಿಗೆ ತಾನಾಗಿ ಒದಗಿದ್ದಲ್ಲ. ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಎಂಬ ಸ್ವಯಂಸೇವಾ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2002ರ ಮೇ 2ರಂದು, ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಸಂವಿಧಾನದ 19(1)(ಎ) ವಿಧಿಯಡಿ (ವಾಕ್ ಸ್ವಾತಂತ್ರ್ಯ) ಮತದಾರನ ಹಕ್ಕು ಎಂದಿತು. ಸಂಸತ್ತು ಕಾಯ್ದೆ ತಿದ್ದಿ ಆ ತೀರ್ಪಿನ ಬಲ ತಗ್ಗಿಸಲು ಹೊರಟಾಗ, 2003ರ ಮಾರ್ಚ್‌ನಲ್ಲಿ ಹಾಗೆ ಸೇರಿಸಿದ 33ಬಿ ಕಲಮನ್ನೇ ಕೋರ್ಟ್ ಹೊಡೆದುಹಾಕಿತು. ಆಮೇಲೂ ಕೆಲವರು ಕಾಲಂಗಳನ್ನು ಖಾಲಿ ಬಿಟ್ಟು ಪಾರಾಗುತ್ತಿದ್ದರು. 2013ರ ತೀರ್ಪಿನ ನಂತರ ಅದೂ ನಡೆಯದು. ಏನೂ ಇಲ್ಲದಿದ್ದರೆ ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದು ಬರೆಯಬೇಕು. ಚುನಾವಣಾಧಿಕಾರಿ ನೆನಪಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕೃತವಾಗಬಹುದು.

ಪ್ರತಿ ಸಿಗುವುದು ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲಿನಲ್ಲಿ. ಚುನಾವಣೆ, ರಾಜ್ಯ, ಕ್ಷೇತ್ರ ಆರಿಸಿದರೆ ಅಭ್ಯರ್ಥಿಗಳ ಪಟ್ಟಿ ಬರುತ್ತದೆ. ಒಬ್ಬರೇ ಎರಡು ಮೂರು ನಾಮಪತ್ರ ಹಾಕಿರುವುದುಂಟು, ತಿದ್ದಿದ ಅಫಿಡವಿಟ್ ಆಮೇಲೆ ಕೊಟ್ಟಿರುವುದೂ ಉಂಟು. ಹಾಗಾಗಿ ಎಲ್ಲವನ್ನೂ ಇಳಿಸಿಕೊಂಡು ದಿನಾಂಕ ನೋಡಿ. ಮೇಲೆ ಹೇಳಿದ ಸಂಸ್ಥೆ ನಡೆಸುವ ಮೈನೇತಾ ಜಾಲತಾಣದಲ್ಲಿ ಸಾರಾಂಶ ಬೇಗ ಸಿಗುತ್ತದೆ. ಆದರೆ ಸ್ಕ್ಯಾನ್ ಮಸುಕಾಗಿದ್ದಲ್ಲಿ, ಕೈಬರಹವಿದ್ದಲ್ಲಿ ಅಂಕಿ ತಪ್ಪಾಗಿ ದಾಖಲಾಗಬಹುದು. ಅನುಮಾನ ಬಂದ ಸಾಲನ್ನು ಮೂಲದಲ್ಲೇ ಓದಬೇಕು.

ಕೊನೆಯಲ್ಲಿರುವ ‘ಭಾಗ ಬಿ’ ಬರೀ ಸಾರಾಂಶ. ಸುದ್ದಿಯಾಗುವ ಒಟ್ಟು ಮೊತ್ತ ಇರುವುದು ಅಲ್ಲಿ, ದಾರಿ ತಪ್ಪಿಸುವುದೂ ಅದೇ. ಸತ್ವ ಇರುವುದು ‘ಭಾಗ ಎ’ಯಲ್ಲಿ. ಅದನ್ನು ಒಂಟಿಯಾಗಿ ಓದಬೇಡಿ. ಅದೇ ವ್ಯಕ್ತಿ ಹಿಂದಿನ ಚುನಾವಣೆಯಲ್ಲಿ ಕೊಟ್ಟ ಅಫಿಡವಿಟ್ಟನ್ನು ಪಕ್ಕದಲ್ಲಿಟ್ಟು ಸಾಲಿಗೆ ಸಾಲು ಹೋಲಿಸಿ. ಅಫಿಡವಿಟ್ ಮಾತನಾಡುವುದೇ ಆಗ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಐದು ವರ್ಷದ ಹಿಂದೆ ಒಟ್ಟು ಆಸ್ತಿ 3 ಕೋಟಿ, ಈಗ 9 ಕೋಟಿ. ನೋಡಿದೊಡನೆ ‘ಲೂಟಿ’ ಎನಿಸುತ್ತದೆ. ಸ್ಥಿರಾಸ್ತಿಯ ಸಾಲಿಗೆ ಬನ್ನಿ. ಅಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತ ಹೌದೋ ಅಲ್ಲವೋ, ಸ್ವಯಾರ್ಜಿತವಾದರೆ ಕೊಂಡ ದಿನಾಂಕ, ಕೊಟ್ಟ ಬೆಲೆ, ಈಗಿನ ಮಾರುಕಟ್ಟೆ ಬೆಲೆ ಇವೆಲ್ಲ ಇರುತ್ತವೆ. ಅದೇ 4 ಎಕರೆಗೆ ಆಗ 2 ಕೋಟಿ, ಈಗ 7 ಕೋಟಿ ಎಂದು ಬರೆದಿದ್ದರೆ ಏರಿದ್ದು ಬೆಲೆ. ಆ ಸಾಲಿನಲ್ಲಿ ಹೊಸದಾಗಿ ಏನೂ ಸೇರಿಲ್ಲ. ಹಳೆಯ ಅಫಿಡವಿಟ್ಟಿನ ನಂತರದ ಕೊಂಡ ದಿನಾಂಕ ಇರುವ ಸಾಲುಗಳನ್ನಷ್ಟೇ ಗುರುತು ಹಾಕಿಕೊಂಡು ಅವುಗಳ ಕೊಟ್ಟ ಬೆಲೆ ಕೂಡಿಸಿ. ಆ ಮೊತ್ತವನ್ನು ಮೊದಲ ಪುಟಗಳಲ್ಲಿರುವ ಐದು ವರ್ಷದ ಆದಾಯ ತೆರಿಗೆ ವಿವರದ ಜೊತೆಗಿಡಿ. ವರ್ಷಕ್ಕೆ 8 ಲಕ್ಷ ಆದಾಯ ತೋರಿಸಿದವರು ಅದೇ ಅವಧಿಯಲ್ಲಿ 2 ಕೋಟಿಯ ನಿವೇಶನ ಕೊಂಡಿದ್ದರೆ, ನಡುವಿನ ಹಣ ಸಾಲದ ಪಟ್ಟಿಯಲ್ಲೋ ಮಾರಿದ ಆಸ್ತಿಯಲ್ಲೋ ಕಾಣಲೇಬೇಕು. ಕಾಣದಿದ್ದರೆ ನಿಮ್ಮ ಪ್ರಶ್ನೆ ಸಿದ್ಧವಾಯಿತು.

ಐದು ವರ್ಷದ ತೆರಿಗೆ ವಿವರ ಕಡ್ಡಾಯವಾದದ್ದು 2019ರ ಫೆಬ್ರುವರಿಯ ತಿದ್ದುಪಡಿಯಿಂದ. ಹಳೆಯ ನಮೂನೆಯಲ್ಲಿ ಅದು ಸಿಗದಿದ್ದರೆ ಮುಚ್ಚಿಟ್ಟಿದ್ದಾರೆ ಎಂದುಕೊಳ್ಳಬೇಡಿ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಕೊಟ್ಟ ಕೈಸಾಲ ಒಂದು ಕಡೆ ಆಸ್ತಿ, ಇನ್ನೊಂದು ಕಡೆ ಹೊಣೆ. ಕೂಡುವಾಗ ಅದನ್ನು ಎರಡು ಸಲ ಎಣಿಸಬಾರದು. ಕರ್ನಾಟಕದ ಜಮೀನಾದರೆ ಸರ್ವೆ ನಂಬರ್ ಹಿಡಿದು ಸರ್ಕಾರದ ಭೂದಾಖಲೆಯ ‘ಭೂಮಿ’ ತಾಣದಲ್ಲಿ ಪಹಣಿ ನೋಡಬಹುದು. ಹಾಲಿ ಶಾಸಕರು ಲೋಕಾಯುಕ್ತ ಕಾಯ್ದೆಯ 22ನೇ ಕಲಮಿನಂತೆ ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಸಲ್ಲಿಸಬೇಕು. ಅವರು ಸಲ್ಲಿಸಿದ್ದಾರೆಯೇ ಎಂಬುದೇ ಒಂದು ಮಾಹಿತಿ.

ಕ್ರಿಮಿನಲ್ ಪ್ರಕರಣಗಳ ಕಾಲಂ ಬಗ್ಗೆ ಸ್ವಲ್ಪ ತಾಳ್ಮೆ ಬೇಕು. ಎಷ್ಟು ಕೇಸು ಎನ್ನುವುದಕ್ಕಿಂತ ಯಾವ ಕಲಮು, ದೋಷಾರೋಪ ನಿಗದಿಯಾಗಿದೆಯೇ ಎನ್ನುವುದು ಮುಖ್ಯ. ರೈತ ಹೋರಾಟದಲ್ಲಿ ರಸ್ತೆ ತಡೆದು ಹಳೆಯ ಭಾರತೀಯ ದಂಡ ಸಂಹಿತೆಯ 143 (ಅಕ್ರಮ ಕೂಟ), 341 (ಅಡ್ಡಗಟ್ಟುವುದು) ಹಾಕಿಸಿಕೊಂಡ ಹತ್ತು ಕೇಸುಗಳೂ, 302 (ಕೊಲೆ) ಅಥವಾ 420ರ (ವಂಚನೆ) ಒಂದು ಕೇಸೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಸಂಖ್ಯೆಗಳೂ ಬದಲಾಗಿವೆ: ಕೊಲೆಗೆ 302 ಇದ್ದದ್ದು 103, ಕೊಲೆ ಯತ್ನಕ್ಕೆ 307 ಇದ್ದದ್ದು 109, ವಂಚನೆಗೆ 420 ಇದ್ದದ್ದು 318. ಕೇಸ್ ನಂಬರನ್ನು ಇ-ಕೋರ್ಟ್ಸ್ ತಾಣದಲ್ಲಿ ಹಾಕಿದರೆ ಮುಂದಿನ ದಿನಾಂಕದವರೆಗೂ ತಿಳಿಯುತ್ತದೆ. ಖುಲಾಸೆಯಾದವು ಅಫಿಡವಿಟ್ಟಿನಲ್ಲಿ ಇರಬೇಕಿಲ್ಲ. ಕೇಸಿರುವವರಿಗೆ ಟಿಕೆಟ್ ಕೊಟ್ಟ ಪಕ್ಷ, ಅಭ್ಯರ್ಥಿಯನ್ನು ಆರಿಸಿದ 48 ಗಂಟೆಯೊಳಗೆ ಕಾರಣ ಪ್ರಕಟಿಸಬೇಕು. ‘ಗೆಲ್ಲುವ ಕುದುರೆ’ ಎಂಬುದೊಂದೇ ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಪಕ್ಷಗಳ ಜಾಲತಾಣದಲ್ಲಿ ಆ ಕಾರಣಗಳನ್ನು ಓದಿ. ಹಲವರಿಗೆ ಒಂದೇ ವಾಕ್ಯ ಅಂಟಿಸಿದ್ದರೆ ಅದೂ ಒಂದು ಉತ್ತರವೇ.

ಪ್ರಚಾರದ ದುಡ್ಡು ಎಲ್ಲಿಂದ ಬಂತು ಎಂಬುದು ಅಫಿಡವಿಟ್ಟಿನಲ್ಲಿ ಇರುವುದಿಲ್ಲ. ಅದಕ್ಕೆ ಖರ್ಚಿನ ಲೆಕ್ಕ ನೋಡಬೇಕು. 2022ರಿಂದ ಕರ್ನಾಟಕದಲ್ಲಿ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಅಭ್ಯರ್ಥಿ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಮೂರು ಬಣ್ಣದ ಹಾಳೆಗಳ ರಿಜಿಸ್ಟರ್ ಇಡಬೇಕು: ಬಿಳಿ ಹಾಳೆ ದಿನದ ಲೆಕ್ಕಕ್ಕೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಕುರ್ಚಿ, ಶಾಮಿಯಾನ, ಊಟದ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಿರುತ್ತದೆ. ಅಧಿಕಾರಿಗಳ ತಂಡ ಅದೇ ದರದಲ್ಲಿ ಬೇರೊಂದು ನೆರಳು ರಿಜಿಸ್ಟರ್ ಬರೆಯುತ್ತದೆ. ಫಲಿತಾಂಶದ 30 ದಿನದೊಳಗೆ ಅಂತಿಮ ಲೆಕ್ಕ ಕೊಡಬೇಕು. ಸ್ವಂತದ್ದೆಷ್ಟು, ಪಕ್ಷ ಕೊಟ್ಟಿದ್ದೆಷ್ಟು, ಬೇರೆಯವರ ದೇಣಿಗೆ ಎಷ್ಟು ಎಂಬುದು ಅದರಲ್ಲಿದೆ. 1 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಜಿಲ್ಲಾ ಚುನಾವಣಾಧಿಕಾರಿಯ ಕಚೇರಿಯಲ್ಲಿ ನೋಡಬಹುದು. ಮತದಾನಕ್ಕೆ ಮೊದಲು ಈ ಸಲದ ಪೂರ್ತಿ ಲೆಕ್ಕ ಸಿಗದು, ಆದ್ದರಿಂದ ಹಿಂದಿನ ಚುನಾವಣೆಯದನ್ನೇ ತೆರೆಯಬೇಕು.

ಇಲ್ಲೊಂದು ದೊಡ್ಡ ಕಂಡಿ ಇದೆ. ಮಿತಿ ಇರುವುದು ಅಭ್ಯರ್ಥಿಗೆ ಮಾತ್ರ, ಪಕ್ಷಕ್ಕೆ ಯಾವ ಮಿತಿಯೂ ಇಲ್ಲ. ತಾರಾ ಪ್ರಚಾರಕರ ಓಡಾಟದ ಖರ್ಚೂ ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಪಕ್ಷಗಳು ಆಯೋಗಕ್ಕೆ ಕೊಡುವ ವಾರ್ಷಿಕ ದೇಣಿಗೆ ವರದಿಯನ್ನೂ ನೋಡಬೇಕು. 20,000 ರೂಪಾಯಿ ಮೀರಿ ಕೊಟ್ಟವರ ಹೆಸರು ಅಲ್ಲಿ ಇರುತ್ತದೆ. ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ದೇಣಿಗೆ ಕೊಡುವ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ರದ್ದು ಮಾಡಿದ ಮೇಲೆ, 2019ರ ಏಪ್ರಿಲ್‌ನಿಂದೀಚೆಗೆ ಬಾಂಡ್ ಕೊಂಡವರ ಮತ್ತು ನಗದಾಗಿಸಿಕೊಂಡ ಪಕ್ಷಗಳ ಪಟ್ಟಿ ಆಯೋಗದ ತಾಣದಲ್ಲಿದೆ. ನಿಮ್ಮ ಭಾಗದಲ್ಲಿ ಗಣಿ, ರಸ್ತೆ, ನೀರಾವರಿ ಗುತ್ತಿಗೆ ಹಿಡಿದ ಕಂಪನಿಯ ಹೆಸರನ್ನು ಅದರಲ್ಲಿ ಹುಡುಕಿ.

ಅಫಿಡವಿಟ್ಟಿನಲ್ಲಿ ತಪ್ಪು ಕಂಡರೆ ಅದಕ್ಕೆ ಪ್ರತಿಯಾಗಿ ನೀವೂ ಪ್ರಮಾಣಪತ್ರ ಸಲ್ಲಿಸಬಹುದು. ಚುನಾವಣಾಧಿಕಾರಿ ಅದನ್ನೂ ಪ್ರಕಟಿಸುತ್ತಾರೆ. ಆದರೆ ಸತ್ಯಾಸತ್ಯ ತೀರ್ಮಾನಿಸುವುದು ಅವರ ಕೆಲಸವಲ್ಲ, ಅದು ಕೋರ್ಟಿನದು. ಗೆದ್ದವರ ಆಯ್ಕೆ ಪ್ರಶ್ನಿಸುವ ತಕರಾರು ಅರ್ಜಿಯನ್ನು ಫಲಿತಾಂಶದಿಂದ 45 ದಿನದೊಳಗೆ ಹೈಕೋರ್ಟಿಗೆ ಹಾಕಬೇಕು. ಹಾಸನ ಲೋಕಸಭಾ ಕ್ಷೇತ್ರದ 2019ರ ಆಯ್ಕೆಯನ್ನು ಕರ್ನಾಟಕ ಹೈಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಅಸಿಂಧು ಎಂದಾಗ ಆಸ್ತಿ ವಿವರ ಮುಚ್ಚಿಟ್ಟದ್ದೂ ಅದರ ಕಾರಣಗಳಲ್ಲಿತ್ತು. ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಇನ್ನೊಂದೆಡೆ, ಅಭ್ಯರ್ಥಿ ತನ್ನ ಪ್ರತಿಯೊಂದು ಚರಾಸ್ತಿಯನ್ನೂ ಬರೆಯಬೇಕಿಲ್ಲ, ಗಣನೀಯವಾದದ್ದು ಬಿಟ್ಟುಹೋದರೆ ಮಾತ್ರ ಲೋಪ ಎಂದು ಅರುಣಾಚಲ ಪ್ರದೇಶದ ತೇಜು ಕ್ಷೇತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಹೇಳಿದೆ. ಹಳೆಯ ಸ್ಕೂಟರೊಂದು ಪಟ್ಟಿಯಲ್ಲಿಲ್ಲ ಎಂದು ಹಟ ಹಿಡಿಯುವುದಕ್ಕಿಂತ, ಕಳೆದ ಸಲ ಇದ್ದು ಈ ಸಲ ಮಾಯವಾದ ಎಕರೆಗಳು ಎಲ್ಲಿ ಹೋದವು ಎಂದು ಕೇಳಿ.